ತೆನೆ ಬಿಡದ ರಾಗಿ

ಚೀಲದ ಬಾಯಿಗೆ ಕಟ್ಟಿದ್ದ ದಾರ ಬಿಚ್ಚಿದ್ದೇ ತಡ, ಬಿಸಿಲು ಕುಡಿದ ಹುಲ್ಲಿನ, ಸ್ವಲ್ಪ ಹೊಗೆ ಹಿಡಿದ ಕಾಳಿನ ವಾಸನೆ ಅಡಿಗೆಮನೆಯ ತುಂಬ ಹರಡಿತು. ನಾವಿರುವ ಮಾರಿಸ್‌ವಿಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುವ ರಾಗಿ ಹಿಟ್ಟಿಗೆ ವಾಸನೆಯೇ ಇರುವುದಿಲ್ಲ. ಹಡಗು, ಗೋದಾಮು, ಟ್ರಕ್ಕು ಎಂದು ಸುತ್ತಿ ಬರುವಷ್ಟರಲ್ಲಿ ಅದು ತಾನು ರಾಗಿ ಎಂಬುದನ್ನೇ ಮರೆತಿರುತ್ತದೆ. ಈ ಹಿಟ್ಟು ಉಗಾಂಡಾದಿಂದ ಒಬ್ಬ ವಿದ್ಯಾರ್ಥಿನಿಯ ಸೂಟ್‌ಕೇಸಿನಲ್ಲಿ, ಅವಳ ಸ್ವೆಟರುಗಳ ನಡುವೆ ಕೂತು ಬಂದದ್ದು. ಕಳಿಸಿದವರು ಡಾಕ್ಟರ್ ಅಕೆಲೊ.

"ರೀ, ಇದನ್ನ ಇವತ್ತೇ ಮಾಡಬೇಕಾ?" ಎಂದಳು ನನ್ನ ಹೆಂಡತಿ ಸುಮಾ. "ನಂಜುಂಡಯ್ಯ ಅಂಕಲ್ ಊಟಕ್ಕೆ ಬರ್ತಿದಾರೆ. ಹೊಸ ಹಿಟ್ಟು. ಗಂಟಾದ್ರೆ?"

ಗಂಟಾದರೆ, ಸೀದರೆ, ಗ್ಯಾಸ್ ಮುಗಿದರೆ ಎಂದು ಕೇಳುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಗರಾಜಿನ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸಿಕೊಂಡು ಬರುವವನು ನಾನು. ಆದರೆ ಇವತ್ತು ನನಗೆ ಯಾವ ಅನುಮಾನವೂ ಇರಲಿಲ್ಲ.

"ಇವತ್ತೇ ಮಾಡಬೇಕು," ಎಂದೆ.

ಅವಳು ನನ್ನ ಮುಖವನ್ನು ಒಂದು ಸಲ ನೋಡಿ, ಒಲೆಯ ಮೇಲೆ ನೀರಿಟ್ಟಳು.

ಸೇಡು ಕೆಟ್ಟದ್ದು, ಮರೆತುಬಿಡುವುದೇ ದೊಡ್ಡತನ ಎನ್ನುವವರನ್ನು ಕಂಡರೆ ನನಗೆ ಗೌರವವಿದೆ. ಆದರೆ ಆ ಗುಂಪಿಗೆ ನನ್ನನ್ನು ಸೇರಿಸಬೇಡಿ. ನನಗೆ ಸೇಡು ತುಂಬ ಇಷ್ಟ. ಅದನ್ನು ತೀರಿಸಿಕೊಳ್ಳುವ ಧೈರ್ಯ ಮಾತ್ರ ಇರುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಇಟ್ಟುಕೊಂಡು, ಉಪ್ಪಿನಕಾಯಿಯ ಹಾಗೆ ಆಗಾಗ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿಡುತ್ತೇನೆ. ಇವತ್ತಿಗೆ ಮೊದಲು ಒಂದೇ ಒಂದು ಸಲ ಅದು ಕೈಗೆ ಬಂದದ್ದು 2022ರಲ್ಲಿ, ಆ ವರ್ಷದ ಬೇಸಿಗೆ ದಾಟಿ ಸೆಪ್ಟೆಂಬರ್ ಹಿಡಿದಾಗ.

ಆ ಏಪ್ರಿಲ್‌ನಲ್ಲಿ ಪೈನ್ ಮರಗಳ ಹಳದಿ ಪುಡಿ ಕಾರು, ಕಿಟಕಿ, ಮೂಗು ಎಲ್ಲದರ ಮೇಲೂ ಕೂತಿತ್ತು. ನಾನು ಮುಖಗವಸು ತೆಗೆಯಬಹುದು ಎಂದು ಸರ್ಕಾರ ಹೇಳಿದ ಮೇಲೂ ಹಾಕಿಕೊಂಡೇ ಗ್ರೀನ್‌ಹೌಸಿಗೆ ಹೋಗುತ್ತಿದ್ದೆ. ಆ ಗ್ರೀನ್‌ಹೌಸ್ ನನ್ನ ಸುಪರ್ದಿಯಲ್ಲಿತ್ತು. ಬೆಂಗಳೂರಿನಲ್ಲಿ ಕೃಷಿ ಓದಿ, ಗಿಡಗಳ ರೋಗದಲ್ಲಿ ಡಾಕ್ಟರೇಟು ಮಾಡಿ, ಕೊನೆಗೆ ನಾರ್ತ್ ಕ್ಯಾರೊಲೈನಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕುಂಡಗಳಿಗೆ ನೀರು ಹಾಕುವ ಹಂತಕ್ಕೆ ಬಂದಿದ್ದೆ. ಕುಂಡಗಳಲ್ಲಿ ಇದ್ದದ್ದು ರಾಗಿ. ಉಗಾಂಡಾದ ರಾಗಿ. ಅದಕ್ಕೆ ಬರುವ ಬೆಂಕಿ ರೋಗವನ್ನು ತಡೆದುಕೊಳ್ಳುವ ತಳಿ ಯಾವುದು ಎಂದು ಹುಡುಕುವುದು ನಮ್ಮ ಯೋಜನೆ. ರಾಗಿ ಆ ಕಡೆಯಿಂದಲೇ ನಮ್ಮ ಕಡೆಗೆ ಬಂದದ್ದು ಎಂಬುದು ಆಗಲೇ ಗೊತ್ತಿತ್ತು. ಆದರೂ ಚೀಟಿಯ ಮೇಲೆ ಉಗಾಂಡಾ ಎಂದು ಬರೆದ ಕುಂಡದಲ್ಲಿ ಅದೇ ಹಸಿರು ಎದ್ದು ನಿಂತಾಗ, ಯಾರೋ ನೆಂಟರನ್ನು ವಿಮಾನ ನಿಲ್ದಾಣದಲ್ಲಿ ಗುರುತು ಹಿಡಿದ ಹಾಗಾಯಿತು.

ಯೋಜನೆಯ ಯಜಮಾನರು ಡಾಕ್ಟರ್ ನಂಜುಂಡಯ್ಯ. ಮಂಡ್ಯದ ಕಡೆಯವರು, ಎಪ್ಪತ್ತರ ದಶಕದಲ್ಲೇ ಬಂದು ನೆಲೆಸಿದವರು. ಇಲ್ಲಿನವರಿಗೆ ಅವರು ‘ನಂಜ್’. ಇಪ್ಪತ್ತೈದು ವರ್ಷದ ಹುಡುಗಿಯರೂ "ಹಾಯ್ ನಂಜ್" ಎನ್ನುತ್ತಾರೆ. ನನ್ನ ಬಾಯಲ್ಲಿ ಮಾತ್ರ ‘ಸರ್’ ಬಿಟ್ಟು ಬೇರೇನೂ ಬರುವುದಿಲ್ಲ. ‘ನಂಜ್, ನೀವು ಹೇಳಿದ್ದು ತಪ್ಪು’ ಎಂದು ಯಾರಾದರೂ ಹೇಳಬಹುದು. ‘ಸರ್, ನೀವು ಹೇಳಿದ್ದು ತಪ್ಪು’ ಎನ್ನುವ ವಾಕ್ಯ ನನ್ನ ಗಂಟಲಿನಲ್ಲಿ ತಯಾರಾಗುವುದೇ ಇಲ್ಲ. ಜೊತೆಗೆ ನನ್ನ ಗ್ರೀನ್ ಕಾರ್ಡ್ ಅರ್ಜಿಗೆ ಸಹಿ ಹಾಕಿದವರೂ ಅವರೇ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಅವರು ನನ್ನನ್ನು ಪರಿಚಯಿಸುವುದು ಹೀಗೆ: "ಇವನು ನಮ್ಮ ಗಾಬರಿ ಗೋಪಾಲ. ಮಳೆ ಬಂದ್ರೂ ಹೆದರ್ತಾನೆ, ಬರದಿದ್ರೂ ಹೆದರ್ತಾನೆ." ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗು ಒಂದೊಂದನ್ನೂ ಇಟ್ಟುಕೊಂಡಿದ್ದೇನೆ.

ಬೀಜ ಕಳಿಸಿದ್ದು, ರೋಗ ಹಿಡಿದ ಎಲೆ ಕಳಿಸಿದ್ದು, ಮೂರು ಬೆಳೆ ಹೊಲದಲ್ಲಿ ನಿಂತು ನೋಡಿದ್ದು ಎಲ್ಲ ಡಾಕ್ಟರ್ ಅಕೆಲೊ. ಉಗಾಂಡಾದ ಉತ್ತರದ ಒಂದು ಸಣ್ಣ ಪಟ್ಟಣದ ಹೊರಗೆ ಅವರ ಸಂಶೋಧನಾ ಕೇಂದ್ರ. ವಾರಕ್ಕೊಮ್ಮೆ ಬೆಳಿಗ್ಗೆ, ಅವರಿಗೆ ಇಳಿಮಧ್ಯಾಹ್ನ, ವಿಡಿಯೊದಲ್ಲಿ ಸಿಗುತ್ತಿದ್ದರು. ನನ್ನದೇ ವಯಸ್ಸಿನ ಹೆಂಗಸು, ಅಗಲವಾದ ಹಣೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಆ ಪ್ರಶ್ನೆ ಯಾಕೆ ದಡ್ಡತನದ್ದು ಎಂದು ಹೇಳುವ ಸ್ವಭಾವ. ಇಂಗ್ಲಿಷಿನಲ್ಲಿ ಅವರು ಆಡಿದ್ದನ್ನು ನನಗೆ ಕೇಳಿಸಿದ ಕನ್ನಡದಲ್ಲೇ ಇಲ್ಲಿ ಹೇಳುತ್ತೇನೆ.

ಎಲೆಗಳ ಪರೀಕ್ಷೆಗೆ ಅವರ ಕೇಂದ್ರಕ್ಕೆ ಬೇಕಿದ್ದ, ಐಸಿನಲ್ಲೇ ಇಡಬೇಕಾದ ಒಂದು ಎನ್‌ಜೈಮು ರಾಜಧಾನಿ ಕಂಪಾಲಾದ ದಲ್ಲಾಳಿಯ ಮೂಲಕ ಬರಬೇಕಿತ್ತು. ನಾನು ಇಲ್ಲಿ ಸೋಮವಾರ ಕೇಳಿದರೆ ಬುಧವಾರ ಮೇಜಿನ ಮೇಲೆ ಇರುವ ವಸ್ತು. ಅವರಿಗೆ ಅದು ಬರಲು ಎರಡು ಮಳೆಗಾಲ ಹಿಡಿಯಿತು, ಬೆಲೆಯೂ ದುಪ್ಪಟ್ಟಿಗಿಂತ ಮೇಲೆ. ಬಂದದ್ದು ಶುಕ್ರವಾರ ಸಂಜೆ. ಕಸ್ಟಮ್ಸಿನವರು ಸೋಮವಾರ ಬನ್ನಿ ಎಂದರು. ಸೋಮವಾರ ಹೋದಾಗ ಐಸ್ ಕರಗಿ, ಎನ್‌ಜೈಮು ಬೆಚ್ಚಗಿನ ನೀರಾಗಿತ್ತು. ನಾನು ಇಲ್ಲಿ ಕೂತು ಗಾಬರಿಯಾದೆ. ಅವರು ಗಾಬರಿಯಾಗಲಿಲ್ಲ. "ಗಾಬರಿಗೂ ಕರೆಂಟ್ ಬೇಕು ಗೋಪಾಲ್. ನಮ್ಮಲ್ಲಿ ಅದೂ ಇಲ್ಲ," ಎಂದರು.

ಕರೆಂಟು ದಿನಗಟ್ಟಲೆ ಹೋದ ಒಂದು ವಾರ ಜನರೇಟರಿಗೆ ಡೀಸೆಲ್ ಸಿಗಲಿಲ್ಲ. ಮೂರು ಬೆಳೆಗಳ ಎಲೆಗಳೆಲ್ಲ ಕೊಳೆತುಹೋಗುವ ಹೊತ್ತು. ಅಕೆಲೊ ಆ ಡಬ್ಬಿಗಳನ್ನು ಬೈಕಿಗೆ ಕಟ್ಟಿಸಿಕೊಂಡು ಪೇಟೆಯ ಮೀನು ವ್ಯಾಪಾರಿಯ ಫ್ರೀಜರಿಗೆ ಸಾಗಿಸಿದರು. ಅವನ ಹತ್ತಿರ ಜನರೇಟರ್ ಇತ್ತು, ಡೀಸೆಲ್ಲೂ ಇತ್ತು. ಮೀನಿನ ಕೆಳಗೆ ವಿಜ್ಞಾನ, ವಿಜ್ಞಾನದ ಮೇಲೆ ಐಸು. ಒಂದು ಮಾದರಿಯೂ ಕೆಡಲಿಲ್ಲ. ಇದನ್ನು ಅವರು ಹೇಳಿದಾಗ ನನಗೆ ಎದ್ದು ನಿಲ್ಲಬೇಕು ಅನ್ನಿಸಿತು. ಸರ್ ಮಾತ್ರ ಗಹಗಹಿಸಿ ನಕ್ಕು, ಇದನ್ನು ಎಲ್ಲಾದರೂ ಹೇಳಲೇಬೇಕು ಎಂದರು.

ಒಂದು ದಿನ ಸರ್ ಲೈನಿಗೆ ಬರುವ ಮೊದಲು ನಾನು ಅಕೆಲೊ ಅವರಿಗೆ ಮುದ್ದೆಯ ವಿಷಯ ಹೇಳಿದೆ. ಅವರ ಕಡೆಯೂ ಅದೇ ಇದೆ, ಕೋಲಿನಲ್ಲೇ ತಿರುವುತ್ತಾರೆ, ಕ್ವೊನ್ ಎನ್ನುತ್ತಾರೆ. ಇಬ್ಬರಿಗೂ ಸಂಭ್ರಮವೋ ಸಂಭ್ರಮ. ನಾವು ಅಗಿಯುವುದಿಲ್ಲ, ನುಂಗುತ್ತೇವೆ ಎಂದದ್ದೇ ತಪ್ಪಾಯಿತು.

"ಅಗಿಯದೆ ನುಂಗೋದಾ? ಹಾಗಾದ್ರೆ ನಿಮಗೆ ರಾಗಿಯ ರುಚಿ ಇವತ್ತಿನವರೆಗೂ ಗೊತ್ತಿಲ್ಲ," ಎಂದರು. ಆ ಮೇಲೆ ಪ್ರತಿ ವಾರ, "ಏನು, ಈ ವಾರ ಏನೇನು ನುಂಗಿದಿರಿ?" ಎಂದೇ ಮಾತು ಶುರು.

ನುಂಗಿದ್ದು ಬಹಳ ಇತ್ತು. ಜೂನ್‌ನಲ್ಲಿ ಸರ್ ಒಂದು ಹೊಸ ವಿಧಾನ ಕಂಡುಹಿಡಿದಿದ್ದರು. ಹೊಲದಲ್ಲಿ ಮೂರು ಬೆಳೆ ಕಾಯುವುದು ಯಾಕೆ? ಇಲ್ಲೇ ಗ್ರೀನ್‌ಹೌಸಿನಲ್ಲಿ ದೀಪ ಹಾಕಿ ಹಗಲನ್ನು ಉದ್ದ ಮಾಡಿದರೆ ಗಿಡ ಬೇಗ ಬೆಳೆಯುತ್ತದೆ, ರೋಗ ಸೋಂಕಿಸಿ ಎಲೆ ನೋಡಿದರೆ ಕೆಲವೇ ವಾರಗಳಲ್ಲಿ ಉತ್ತರ. ಗಿಡಗಳು ನಿಜಕ್ಕೂ ಸೊಂಪಾಗಿ ಬೆಳೆದವು. ಹನ್ನೆರಡನೇ ತಳಿಯ ಎಲೆಯ ಮೇಲಂತೂ ಒಂದು ಚುಕ್ಕೆಯೂ ಇಲ್ಲ. ಸರ್ ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು.

ನನಗೆ ಆ ಸೊಂಪೇ ಹೆದರಿಕೆ ಹುಟ್ಟಿಸಿತು. ಜುಲೈ ಬಂತು, ಹೊರಗೆ ಮಧ್ಯಾಹ್ನದ ಗುಡುಗು, ಒಳಗೆ ಬೆವರು. ಗಿಡ ನನ್ನ ಎದೆಯೆತ್ತರ ಆಯಿತು. ತೆನೆ ಮಾತ್ರ ಬರಲಿಲ್ಲ. ಭೂಮಧ್ಯರೇಖೆಯ ಹತ್ತಿರದ ಗಿಡಕ್ಕೆ ಹಗಲು ರಾತ್ರಿ ಸಮ ಇದ್ದರೆ ಅಭ್ಯಾಸ. ನಮ್ಮ ಉದ್ದ ಹಗಲಿನಲ್ಲಿ ಅದು ರಾತ್ರಿ ಉದ್ದವಾಗಲಿ ಎಂದು ಕಾಯುತ್ತಲೇ ಇರುತ್ತದೆ, ತೆನೆ ಬಿಡುವುದಿಲ್ಲ. ಬೆಂಕಿ ರೋಗದ ನಿಜವಾದ ಹೊಡೆತವೋ ತೆನೆಯ ಕುತ್ತಿಗೆಗೆ, ಅಂದರೆ ತೆನೆಯ ಬುಡದ ಕಾಂಡಕ್ಕೆ. ಕುತ್ತಿಗೆ ಕಪ್ಪಾದರೆ ತೆನೆಯೆಲ್ಲ ಜೊಳ್ಳು. ಕುತ್ತಿಗೆಯೇ ಇಲ್ಲದ ಗಿಡಕ್ಕೆ ಕುತ್ತಿಗೆಯ ರೋಗ ಬರಲಿಲ್ಲ ಎಂದು ನಾವು ಖುಷಿಪಡುತ್ತಿದ್ದೆವು.

ತಪ್ಪು ಎಂದಲ್ಲ, ತೆನೆ ಬಂದಿಲ್ಲ ಸರ್ ಎಂದಷ್ಟೇ ನಾನು ಹೇಳಿದೆ. ಒಂದು ಸಲವಲ್ಲ, ಮೂರು ಸಲ. ಅಕೆಲೊ ಅವರೂ ಹೇಳಿದರು: ಎಲೆ ನೋಡಿ ಮೋಸಹೋಗಬೇಡಿ, ನನ್ನ ಹತ್ತಿರ ಕುತ್ತಿಗೆಯ ಲೆಕ್ಕ ಮೂರು ಬೆಳೆಯದ್ದಿದೆ, ಕೇಳಿ. ಸರ್ "ವಂಡರ್‌ಫುಲ್, ಆಮೇಲೆ ಮಾತಾಡೋಣ" ಎಂದು ಮುಂದಿನ ವಿಷಯಕ್ಕೆ ಹೋದರು. ಕರೆ ಮುಗಿದ ಮೇಲೆ ನನ್ನ ಕಡೆ ತಿರುಗಿ, "ನೋಡಯ್ಯಾ, ನಿನ್ನ ಗಾಬರಿ ನಿನ್ನ ಹತ್ರ ಇಟ್ಕೋ. ಆಕೆಗೂ ಯಾಕೆ ಅಂಟಿಸ್ತೀಯ," ಎಂದರು.

ಅವರ ಆತುರಕ್ಕೆ ಕಾರಣವಿತ್ತು. ಸೆಪ್ಟೆಂಬರಿನಲ್ಲಿ ಅಟ್ಲಾಂಟಾದಲ್ಲಿ ಒಂದು ಸಭೆ. ಮುಂದಿನ ಐದು ವರ್ಷದ ಕೆಲಸ ಎಲ್ಲಿ ನಡೆಯಬೇಕು ಎಂದು ಹಣ ಕೊಡುವವರು ಅಲ್ಲಿ ತೀರ್ಮಾನಿಸುವವರಿದ್ದರು. ಸರ್ ಮಾತು ಗೆದ್ದರೆ ಎಲ್ಲವೂ ನಮ್ಮ ಗ್ರೀನ್‌ಹೌಸಿಗೆ. ಅಕೆಲೊ ಅವರ ಕೇಂದ್ರಕ್ಕೆ ಬೀಜ ಕಟ್ಟಿ ಕಳಿಸುವ ಕೆಲಸ, ವರದಿಯ ಕೊನೆಯಲ್ಲಿ ಒಂದು ಕೃತಜ್ಞತೆ. ಅವರ ಹೆಸರೂ ಹೋಗುತ್ತಿತ್ತು, ಹೊಲವೂ ಹೋಗುತ್ತಿತ್ತು.

ಅವರೇ ಬಂದು ಮಾತಾಡಬೇಕೆಂದು ಟಿಕೆಟ್ಟಿಗೂ ಏರ್ಪಾಡಾಯಿತು. ವೀಸಾಕ್ಕೆ ಬಸ್ಸಿನಲ್ಲಿ ಕಂಪಾಲಾಕ್ಕೆ ಹೋದರು. ಸಂದರ್ಶನ ಶುರುವಾಗುವ ಮೊದಲೇ ಮುಗಿಯಿತಂತೆ. ವಾಪಸ್ ಹೋಗುತ್ತೀರಿ ಎಂಬ ನಂಬಿಕೆ ಬರಲಿಲ್ಲ ಎಂದರಂತೆ.

"ನನ್ನ ರಾಗಿ ಹೊಲದಲ್ಲಿ ಹಾಲು ತುಂಬ್ತಿದೆ. ಅದನ್ನ ಬಿಟ್ಟು ನಾನು ಅಟ್ಲಾಂಟಾದಲ್ಲಿ ಕೂತು ಏನು ಮಾಡಲಿ? ಟ್ರಾಫಿಕ್ ನೋಡಲಾ?" ಎಂದರು. ನಕ್ಕರು. ಆದರೆ ಆ ವಾರ ಏನು ನುಂಗಿದಿರಿ ಎಂದು ಕೇಳಲಿಲ್ಲ.

ಸಭೆಯವರು ಅವರಿಗೆ ಆನ್‌ಲೈನಿನಲ್ಲಿ ಕೂರಲು ಅವಕಾಶ ಕೊಟ್ಟರು. ಪ್ರಶ್ನೆ ಇದ್ದರೆ ಟೈಪ್ ಮಾಡಬೇಕು, ಯಾರಾದರೂ ಓದಿ ಹೇಳುತ್ತಾರೆ. ಆ ‘ಯಾರಾದರೂ’ ಯಾರು ಎಂದು ಕೇಳಿದಾಗ ಸರ್ ನನ್ನ ಹೆಸರು ಕೊಟ್ಟರು. ಗೋಪಾಲ ಸಣ್ಣಪುಟ್ಟ ಕೆಲಸಕ್ಕೆ ಲಾಯಕ್ಕು ಎಂದು ಹೊಗಳಿದ್ದೂ ಕಿವಿಗೆ ಬಿತ್ತು.

ಸರ್‌ಗೆ ಮಂಡಿ ನೋವು, ಕಾರು ಓಡಿಸುವಂತಿಲ್ಲ. ಹಾಗಾಗಿ ಮಾರಿಸ್‌ವಿಲ್ಲಿನಿಂದ ಅಟ್ಲಾಂಟಾದವರೆಗೆ ನಾನೇ ಸಾರಥಿ. ಸುಮಾ ಪುಳಿಯೋಗರೆ ಕಟ್ಟಿದ್ದಳು. ಶಾರ್ಲೆಟ್ ದಾಟುವಷ್ಟರಲ್ಲಿ ಸರ್ ಅದನ್ನು ಮುಗಿಸಿ, ಮೊಸರನ್ನ ತರಲಿಲ್ಲವೇ ಎಂದು ವಿಚಾರಿಸಿ, ಭಾಷಣವನ್ನು ನನಗೆ ಓದಿ ಹೇಳಿದರು. ಹನ್ನೆರಡನೇ ತಳಿ ಹೀಗೆ, ಹನ್ನೆರಡನೇ ತಳಿ ಹಾಗೆ. ಮೀನಿನ ಫ್ರೀಜರಿನ ಮಾತು ಬರುವ ಜಾಗಕ್ಕೆ ಅವರೇ ನಕ್ಕು ಅಭ್ಯಾಸ ಮಾಡಿಕೊಂಡರು. ಸೌತ್ ಕ್ಯಾರೊಲೈನಾದಲ್ಲಿ ಪೀಚ್ ಹಣ್ಣಿನ ಆಕಾರದ ಆ ದೊಡ್ಡ ನೀರಿನ ಟ್ಯಾಂಕು ಕಾಣುವ ಹೊತ್ತಿಗೆ ನನ್ನ ನಾಲಿಗೆ ತುದಿಯಲ್ಲಿ ನಾಲ್ಕನೇ ಎಚ್ಚರಿಕೆ ಬಂದು ಕೂತಿತ್ತು. ಸರ್, ತೆನೆ. ಎರಡೇ ಮಾತು.

"ಏನಯ್ಯಾ, ಇವತ್ತು ನಿನಗೆ ಯಾವ ಗಾಬರಿಯೂ ಇಲ್ವಾ?" ಎಂದರು ಸರ್, ಕುತ್ತಿಗೆಗೆ ದಿಂಬು ಸಿಕ್ಕಿಸಿಕೊಳ್ಳುತ್ತ. "ಟೈರ್ ಪಂಕ್ಚರ್, ಸುಂಟರಗಾಳಿ, ಏನೂ ಇಲ್ವಾ?"

"ಏನೂ ಇಲ್ಲ ಸರ್," ಎಂದೆ. "ಎಲ್ಲ ಸರಿಯಾಗೇ ಆಗತ್ತೆ."

ನನ್ನ ಜೀವಮಾನದಲ್ಲಿ ನಾನು ಆ ವಾಕ್ಯ ಆಡಿದ್ದು ಅದೊಂದೇ ಸಲ. ಅವರು ಗ್ರೀನ್‌ವಿಲ್ ಬರುವ ಮೊದಲೇ ಗೊರಕೆ ಹೊಡೆದರು. ನಾನು ಸ್ಟಿಯರಿಂಗ್ ಹಿಡಿದು, ಒಳಗೊಳಗೇ ಹಬ್ಬ ಮಾಡಿಕೊಂಡು, ಲಾರಿಗಳಿಗೆಲ್ಲ ದಾರಿ ಬಿಡುತ್ತ ಓಡಿಸಿದೆ.

ಮರುದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಎ.ಸಿ. ಎಷ್ಟು ತಣ್ಣಗಿತ್ತೆಂದರೆ ಅಲ್ಲೇ ಎನ್‌ಜೈಮು ಇಡಬಹುದಿತ್ತು. ಸರ್ ಚೆನ್ನಾಗಿ ಮಾತಾಡಿದರು. ಅವರು ಯಾವಾಗಲೂ ಚೆನ್ನಾಗಿಯೇ ಮಾತಾಡುತ್ತಾರೆ. ಪರದೆಯ ಮೇಲೆ ಹನ್ನೆರಡನೇ ತಳಿಯ ನಿಷ್ಕಳಂಕ ಎಲೆ. ನಂತರ ಆ ಮಾತು: ನಮ್ಮ ಆಫ್ರಿಕಾದ ಗೆಳೆಯರು ಮಾದರಿಗಳನ್ನು ಮೀನಿನ ಜೊತೆ ಇಡುತ್ತಾರೆ, ಫಲಿತಾಂಶಕ್ಕೆ ಆ ವಾಸನೆ ಬರದ ಹಾಗೆ ನಾವು ಇಲ್ಲಿ ತೊಳೆಯುತ್ತೇವೆ. ಇಡೀ ಸಭೆ ನಕ್ಕಿತು. ಮೂಲೆಯ ಸಣ್ಣ ಪರದೆಯಲ್ಲಿ ಅಕೆಲೊ ಅವರ ಮುಖವಿತ್ತು. ಅವರು ಬಗ್ಗಿ ಟೈಪ್ ಮಾಡತೊಡಗಿದರು. ನನ್ನ ಮುಂದಿನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬಂತು.

ನಾನು ಎದ್ದು ನಿಂತೆ. ಅವರ ಪೂರ್ತಿ ಹೆಸರು, ಹುದ್ದೆ, ಕೇಂದ್ರ, ದೇಶ ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಆಮೇಲೆ ಪ್ರಶ್ನೆ ಓದಿದೆ: "ನೀವು ತೋರಿಸಿದ ಗಿಡಗಳಲ್ಲಿ ಎಷ್ಟು ತೆನೆ ಬಿಟ್ಟಿದ್ದವು?"

ಸರ್ ಮುಗುಳ್ನಕ್ಕು, ಇದು ವಿವರದ ಪ್ರಶ್ನೆ, ಆಮೇಲೆ ಮಾತಾಡೋಣ ಎಂದರು. ಸಭೆ ನಡೆಸುತ್ತಿದ್ದ ಬಿಳಿಗೂದಲಿನ ಹೆಂಗಸು ಕನ್ನಡಕ ಸರಿಮಾಡಿಕೊಂಡು, ತನಗೆ ಈಗಲೇ ತಿಳಿಯಬೇಕು ಎಂದರು. ಇಂಥ ಹೊತ್ತಿನಲ್ಲಿ ಸರ್‌ಗೆ ಒಂದು ಅಭ್ಯಾಸವಿದೆ. ಗೊತ್ತಿಲ್ಲದ ಪ್ರಶ್ನೆಯನ್ನು ನನ್ನ ಕಡೆ ಎಸೆಯುತ್ತಾರೆ. ಗ್ರೀನ್‌ಹೌಸ್ ನೋಡಿಕೊಳ್ಳುವವನು ಗೋಪಾಲ, ಅವನೇ ಹೇಳುತ್ತಾನೆ ಎಂದು ಕೈ ಚಾಚಿದರು.

ಮೈಕು ನನ್ನ ಕೈಯಲ್ಲೇ ಇತ್ತು.

"ಒಂದೂ ಇಲ್ಲ," ಎಂದೆ.

ಸಭೆ ನಡೆಸುತ್ತಿದ್ದವರು ಅಕೆಲೊ ಅವರ ಧ್ವನಿ ತೆರೆಯಲು ಹೇಳಿದರು. "ನನ್ನ ಹತ್ತಿರ ಮೂರು ಬೆಳೆಯ..." ಎಂದು ಅವರು ಶುರುಮಾಡಿದ್ದರು, ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಬಾಯಿ ಅರ್ಧ ತೆರೆದಿದೆ, ಕಣ್ಣು ನೇರ ನಮ್ಮ ಮೇಲಿದೆ, ಅಲ್ಲಿ ಕರೆಂಟ್ ಹೋಗಿದೆ. ಯಾರೋ ಮುಂದಿನ ಭಾಷಣಕ್ಕೆ ಹೋಗೋಣವೇ ಎಂದರು. ಆ ಹೆಂಗಸು ಬೇಡ, ಕಾಯೋಣ ಎಂದರು.

ಕಾದೆವು. ಅಷ್ಟು ದೊಡ್ಡ ದೊಡ್ಡವರು, ಒಬ್ಬೊಬ್ಬರ ಹೆಸರಿನ ಮುಂದೆ ಹಿಂದೆ ಅಷ್ಟು ಪದವಿಗಳು, ಉಗಾಂಡಾದ ಒಂದು ಸಣ್ಣ ಪಟ್ಟಣದಲ್ಲಿ ಕರೆಂಟ್ ಬರಲಿ ಎಂದು ಸುಮ್ಮನೆ ಕೂತರು. ಸರ್‌ಗೆ ಕೂರಿ ಎಂದು ಯಾರೂ ಹೇಳಲಿಲ್ಲ. ಅವರು ನಿಂತೇ ಇದ್ದರು. ನೀರು ಕುಡಿದರು. ಮೈಕು ಸರಿಮಾಡಿದರು. ಇನ್ನೊಂದು ಸಲ ನೀರು ಕುಡಿದರು. ಬೆನ್ನ ಹಿಂದೆ ಆ ಚುಕ್ಕೆಯಿಲ್ಲದ ಎಲೆ ಹೊತ್ತು ಹೋದಂತೆ ದೊಡ್ಡದಾಗುತ್ತಿತ್ತು. ಅಕೆಲೊ ಮತ್ತು ಅವರ ಕೇಂದ್ರ ಇಷ್ಟು ವರ್ಷ ಕಾದದ್ದರಲ್ಲಿ ಒಂದು ಚಿಟಿಕೆಯಷ್ಟನ್ನು ಆ ಸಭೆ ಕಾಯಿತು. ನನಗಂತೂ ಆ ಕರೆಂಟ್ ಬೇಗ ಬರುವುದು ಬೇಕಿರಲಿಲ್ಲ.

ಕೊನೆಗೆ ಅವರು ಫೋನಿನಿಂದ ಬಂದರು. ಹಿಂದೆ ಮಳೆಯ ಸದ್ದು, ಜನರೇಟರಿನ ಸದ್ದು.

"ಫ್ರೀಜರಿಗೆ ಜನರೇಟರ್ ಹಾಕಿ ಬಂದೆ," ಎಂದರು. "ಮೊದಲು ಅದು, ಆಮೇಲೆ ನೀವು."

ಯಾರೂ ನಗಲಿಲ್ಲ. ಹನ್ನೆರಡನೇ ತಳಿಯ ಎಲೆ ತಮ್ಮ ಹೊಲದಲ್ಲೂ ಅಷ್ಟೇ ಚಂದ ಎಂದರು. ಮೂರು ಬೆಳೆಯಲ್ಲೂ ಅದರ ಕುತ್ತಿಗೆ ಕಪ್ಪಾಗಿ ತೆನೆಯೆಲ್ಲ ಜೊಳ್ಳಾಯಿತು, ಎಲ್ಲದಕ್ಕಿಂತ ಮೊದಲು ಸತ್ತದ್ದು ಅದೇ ಎಂದರು. ಈ ಲೆಕ್ಕವನ್ನು ಕೊಡುತ್ತೇನೆ ಎಂದು ಹಲವು ಸಲ ಹೇಳಿದ್ದೆ, ಬೇಕು ಎಂದು ಯಾರೂ ಹೇಳಲಿಲ್ಲ ಎಂದರು. ಕೊನೆಯ ಮಾತು ನನಗೆ ಇಂದಿಗೂ ಬಾಯಿಪಾಠ: "ಎಲೆ ತಿನ್ನೋದು ದನ. ನಾವು ತೆನೆ ತಿಂತೀವಿ."

ವಾಪಸ್ ಬರುವಾಗ ಸರ್ ಹಿಂದಿನ ಸೀಟಿನಲ್ಲಿ ಕೂತರು. ಪೀಚ್ ಟ್ಯಾಂಕು ದಾಟುವವರೆಗೂ ಹನ್ನೆರಡನೇ ತಳಿಯ ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ, "ನೀನು ಮೊದಲೇ ಹೇಳಬಹುದಿತ್ತಲ್ಲಯ್ಯಾ," ಎಂದರು.

"ಹೇಳಿದ್ದೆ ಸರ್. ಮೂರು ಸಲ."

"ಸರಿಯಾಗಿ ಹೇಳಬೇಕಿತ್ತು," ಎಂದರು.

ಮುಂದಿನ ಕೆಲಸ ಅಕೆಲೊ ಅವರ ಕೇಂದ್ರಕ್ಕೆ ಹೋಯಿತು. ಎಲ್ಲಕ್ಕಿಂತ ಮೊದಲು ಅವರು ಕೇಳಿದ್ದು ಫ್ರೀಜರಿಗೆ ಸೋಲಾರ್. ಪ್ರಬಂಧ ಬಂದಾಗ ಮೊದಲ ಹೆಸರು ಅವರದು. ನನ್ನದೂ ನಡುವೆ ಎಲ್ಲೋ ಇದೆ, ಅದು ಸರಿಯಿದೆಯೇ ಎಂದು ಆಗಾಗ ತೆರೆದು ನೋಡುತ್ತೇನೆ. ನಂಜುಂಡಯ್ಯನವರ ಹೆಸರು ಕೊನೆಯ ಕೃತಜ್ಞತೆಯಲ್ಲಿ ಮೀನು ವ್ಯಾಪಾರಿಯ ಹೆಸರಿನ ನಂತರ ಬರುತ್ತದೆ. ಇಬ್ಬರಿಗೂ ಒಂದೇ ಕಾರಣ ಕೊಟ್ಟಿದ್ದಾರೆ: ಜಾಗ ಒದಗಿಸಿದ್ದಕ್ಕೆ. ಇದರಿಂದ ಅಲ್ಲಿನ ಕಷ್ಟವೇನೂ ಮುಗಿದಿಲ್ಲ. ಎನ್‌ಜೈಮು ಈಗಲೂ ಶುಕ್ರವಾರವೇ ಬರುತ್ತದೆ, ವೀಸಾ ಇನ್ನೂ ಸಿಕ್ಕಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನೂ ಕೆಡದೆ ಇದೆ.

ಸರ್ ನಿವೃತ್ತರಾದರು. ಕೂಟದವರು ಶಾಲು ಹೊದಿಸಿದರು, ಆಫ್ರಿಕಾಕ್ಕೆ ರಾಗಿ ಕೊಟ್ಟವರು ಎಂದು ಯಾರೋ ಭಾಷಣವನ್ನೂ ಮಾಡಿದರು. ನಾನು ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಉಪ್ಪಿನಕಾಯಿಯ ಮುಚ್ಚಳ ತೆಗೆದೆ.

ಇವತ್ತು ಮಧ್ಯಾಹ್ನ ಅವರು ಹೇಳಿದ ಹೊತ್ತಿಗೇ ಬಂದರು. ಆಂಟಿ ಅಲ್ಫರೆಟಾದಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ, ಹಾಗಾಗಿ ಸರ್ ಒಬ್ಬರೇ. ಸುಮಾ ಬಿಸಿ ಮುದ್ದೆ, ಬಸ್ಸಾರು ಬಡಿಸಿದಳು. ಗಂಟಾಗಿರಲಿಲ್ಲ. ಸರ್ ಒಂದು ಮುದ್ದೆ ಮುಗಿಸಿ, ಎರಡನೆಯದರ ಅರ್ಧದಲ್ಲಿ ತಲೆಯೆತ್ತಿದರು.

"ಈ ರಾಗಿ ಎಲ್ಲಿ ಸಿಕ್ತಮ್ಮಾ ಸುಮಾ? ಥೇಟ್ ನಮ್ಮ ಕಡೇದೇ."

ಸುಮಾ ನನ್ನ ಕಡೆ ನೋಡಿದಳು.

"ಡಾಕ್ಟರ್ ಅಕೆಲೊ ಕಳಿಸಿದ್ದು ಸರ್," ಎಂದೆ. "ಅವರ ಹೊಲದ್ದು."

ಅವರ ಕೈ ಸಾರಿನ ಮೇಲೆ ನಿಂತಿತು. ಬೆರಳಲ್ಲಿ ತುತ್ತು ಇತ್ತು, ಆಗಲೇ ಅದ್ದಿಯಾಗಿತ್ತು. ಅದನ್ನು ತಟ್ಟೆಗೆ ವಾಪಸ್ ಇಡುವಂತಿಲ್ಲ. ಅವರು ಬಾಯಿಗಿಟ್ಟು ನುಂಗಿದರು. ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು.

"ಯಾವ ತಳಿ?" ಎಂದರು.

"ಹನ್ನೆರಡು ಅಲ್ಲ ಸರ್."

ಮೇಜಿನ ಕೆಳಗೆ ಫೋನ್ ಹಿಡಿದು, ಸರ್ ಒಂದೂವರೆ ಮುದ್ದೆ ತಿಂದರು ಎಂದು ಅಕೆಲೊ ಅವರಿಗೆ ಕಳಿಸಿದೆ. ಅಲ್ಲಿ ರಾತ್ರಿ. ಕರೆಂಟ್ ಇತ್ತು ಅಂತ ಕಾಣುತ್ತದೆ, ಉತ್ತರ ತಕ್ಷಣ ಬಂತು: ಇನ್ನೊಂದು ಬಡಿಸಿ.

ನಾನು ಎದ್ದು ಪಾತ್ರೆ ತಂದೆ.

"ಬೇಡ ಕಣಯ್ಯಾ, ಸಾಕು," ಎಂದರು ಸರ್, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು.

"ಬೇಡ ಅನ್ನಬಾರದು ಸರ್," ಎಂದೆ. ಕೈ ಸರಿಯುವವರೆಗೆ ಮುದ್ದೆ ಹಿಡಿದು ಅಲ್ಲೇ ನಿಂತೆ. ನನಗೇನೂ ಅವಸರವಿರಲಿಲ್ಲ.